ಫೋಟೋದಲ್ಲಿ ಯಾರ್ಯಾರು

ಫೋಟೋ ತೆಗೆಯುವಾಗ ನಾನು ನನಗೇ ತಿಳಿಯದೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯುತ್ತೇನೆ. ಇದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಪಾಠ. ಸಾಲಿನಲ್ಲಿ ನಿಂತರೆ ಪಕ್ಕದವರ ಮೈ ತಾಗಬಾರದು, ಹಲ್ಲು ಕಾಣಬಾರದು, ಕೈಗಳು ಹಿಂದೆ ಇರಬೇಕು. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ನಾನೂ ಇವರೂ ಬಸ್ಸಿಗೆ ಕಾಯುವ ಇಬ್ಬರು ಅಪರಿಚಿತರ ಹಾಗೆ ನಿಂತಿದ್ದೇವೆ. ಈ ಶಿಸ್ತನ್ನು ಮುಂದೊಂದು ದಿನ ವೀಸಾ ಆಫೀಸರು ತನಿಖೆ ಮಾಡುತ್ತಾರೆಂದು ಸಿಸ್ಟರಿಗೆ ಹೇಗೆ ಗೊತ್ತಾಗಬೇಕು?

ಇವರು ನ್ಯೂಜಿಲೆಂಡಿನ ಒಂದು ಹಾಲಿನ ಫಾರ್ಮಿನಲ್ಲಿದ್ದಾರೆ. ಅದಕ್ಕೆ ಮೊದಲು ಗಲ್ಫಿನಲ್ಲಿದ್ದರು. ನಾನು ಇಲ್ಲಿ ಊರಿನಲ್ಲಿ, ಮಂಗಲ್ಪಾಡಿಯಲ್ಲಿ. ಮದುವೆಯಾಗಿ ಹನ್ನೊಂದು ವರ್ಷ, ಒಂದೇ ಸೂರಿನಡಿ ಇದ್ದದ್ದು ರಜೆಯ ತಿಂಗಳುಗಳಲ್ಲಿ ಮಾತ್ರ. ಇನ್ನಾದರೂ ಒಟ್ಟಿಗಿರೋಣವೆಂದು ನನ್ನ ವೀಸಾಕ್ಕೆ ಹಾಕಿದ ಮೊದಲ ಅರ್ಜಿ ತಿರಸ್ಕಾರವಾಯಿತು. ನಮ್ಮದು ನಿಜವಾದ ದಾಂಪತ್ಯವೆನ್ನಲು ಸಾಕ್ಷ್ಯ ಸಾಲದಂತೆ. ಮದುವೆಗೆ ಮೊದಲು ಮೂರು ಭಾನುವಾರ ಇಗರ್ಜಿಯಲ್ಲಿ ನಮ್ಮ ಹೆಸರು ಓದಿ, ಆಕ್ಷೇಪ ಇದ್ದವರು ತಿಳಿಸಿ ಎಂದು ಫಾದರ್ ಕೇಳಿದ್ದರು. ಊರಿಡೀ ಸುಮ್ಮನಿತ್ತು. ನಮ್ಮನ್ನು ಕಂಡೇ ಇರದ ಒಬ್ಬರಿಗೆ ಹನ್ನೊಂದು ವರ್ಷದ ಮೇಲೆ ಆಕ್ಷೇಪ ಬಂತು.

ಎರಡನೆಯ ಅರ್ಜಿಗೆ ಸಾಕ್ಷ್ಯ ಹುಡುಕುತ್ತ ಉಪ್ಪಳದ ವೀಸಾ ಏಜೆಂಟ್ ಹನೀಫ್ ನನ್ನ ಫೋನಿನ ಮೆಸೇಜುಗಳನ್ನು ಓದಿದ.

"ಎಂತ ಅಕ್ಕ ಇದು? 'ಊಟ ಆಯ್ತಾ?' 'ಆಯ್ತು.' 'ಹಸು ಕರು ಹಾಕಿತು.' 'ಒಳ್ಳೇದಾಯ್ತು.' ಇದನ್ನು ನೋಡಿದರೆ ಆಫೀಸರು ವೀಸಾ ಹಸುವಿಗೆ ಕೊಟ್ಟಾರು!"

ನನಗೂ ನಗು ಬಂತು. ಕಾನ್ವೆಂಟಿನ ಬೋರ್ಡಿಂಗಿನಲ್ಲಿ ನಮ್ಮ ಕಾಗದಗಳನ್ನು ಸಿಸ್ಟರ್ ಓದಿಯೇ ಅಂಚೆಗೆ ಹಾಕುತ್ತಿದ್ದರು. ಇನ್ನೊಬ್ಬರು ಓದಿದರೂ ನಾಚಿಕೆಯಾಗದ್ದನ್ನಷ್ಟೇ ಬರೆಯಲು ನಾನು ಅಲ್ಲಿ ಕಲಿತೆ. ಈಗ ಓದುವವರು ಬಂದಾಗ ಓದಿಸಲು ಏನೂ ಇಲ್ಲ.

"ಹತ್ತಿರ ನಿಂತ ಒಂದು ಫೋಟೋ ಆದರೂ ಉಂಟಾ?"

ಒಂದಿತ್ತು. ಅದರಲ್ಲಿ ಇವರ ಕೈ ನನ್ನ ಹೆಗಲನ್ನು ಬಿಗಿಯಾಗಿ ಬಳಸಿದೆ, ನನ್ನ ತಲೆ ಇವರ ಎದೆಗೆ ಒರಗಿದೆ. ಶಿಸ್ತು ಪೂರ್ತಿ ತಪ್ಪಿದ ಫೋಟೋ. ನಮ್ಮಲ್ಲಿ ಸತ್ತವರ ಪೆಟ್ಟಿಗೆ ಮುಚ್ಚುವ ಮೊದಲು ಮನೆಯವರು ಸುತ್ತ ನಿಂತು ಫೋಟೋ ತೆಗೆಸುವ ಕ್ರಮವಿದೆ. ಈ ಪೆಟ್ಟಿಗೆ ನನ್ನ ಒಂದು ತೋಳಿನಷ್ಟು ಉದ್ದ. ಒಳಗಿರುವುದು ಎರಡು ದಿನ ಬದುಕಿದ ನಮ್ಮ ಮಗಳು ರೀನಾ. ಫಾದರ್ ಬರುವಷ್ಟು ಹೊತ್ತಿಲ್ಲವೆಂದು ಆಸ್ಪತ್ರೆಯ ನರ್ಸ್ ಅವಸರದಲ್ಲಿ ಸ್ಟೀಲ್ ಲೋಟದ ನೀರಿನಿಂದಲೇ ಅವಳಿಗೆ ಜ್ಞಾನಸ್ನಾನ ಕೊಟ್ಟಿದ್ದಳು.

ಹನೀಫ್ ಫೋಟೋವನ್ನು ಕಂಪ್ಯೂಟರಿಗೆ ಹಾಕಿಕೊಂಡ. ಆಮೇಲೆ ಮೆಲ್ಲನೆ, "ಕೆಳಗಿನದ್ದು ಕಟ್ ಮಾಡುವ, ಅಕ್ಕ. ಅರ್ಜಿಯಲ್ಲಿ ಮಕ್ಕಳು ಇಲ್ಲ ಅಂತ ಹಾಕಿ ಆಗಿದೆ. ಇದು ಕಂಡರೆ ಸುಳ್ಳು ಹೇಳಿದ್ದು ಅಂತ ಇನ್ನೊಮ್ಮೆ ರಿಜೆಕ್ಟ್ ಮಾಡಿಯಾರು" ಎಂದ.

ಕತ್ತರಿಸಿ ತೋರಿಸಿದ. ಪೆಟ್ಟಿಗೆ ಹೋಗಿತ್ತು, ನಾವಿಬ್ಬರು ಮಾತ್ರ ಇನ್ನೂ ಕೆಳಗೇ ನೋಡುತ್ತಿದ್ದೆವು. ಗೊತ್ತಿಲ್ಲದವರು, ಪಾಪ, ಇಬ್ಬರ ಚಪ್ಪಲಿಯೂ ಕಳೆದಿರಬೇಕು ಅಂದುಕೊಂಡಾರು.

ಅಲ್ಲಿಂದಲೇ ಇವರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಹಾಲು ಕರೆಯುವ ಯಂತ್ರದ ಸದ್ದು ನಿಧಾನಕ್ಕೆ ದೂರವಾಯಿತು, ಹೊರಗೆ ಬಂದಿರಬೇಕು.

"ನೀನು ಎಂತ ಹೇಳ್ತೀಯ?"

"ನೀವು ಹೇಳಿ."

"ಅವಳು ಇರಲಿ ಮಾರಾಯ್ತಿ. ವೀಸಾ ಸಿಗದಿದ್ದರೆ ಬೇಡ."

ಹನೀಫ್ ಫೋಟೋವನ್ನು ಮೊದಲಿನಂತೆ ಮಾಡಿದ. ಕೆಳಗೆ, ಫೋಟೋದಲ್ಲಿ ಯಾರ್ಯಾರಿದ್ದಾರೆಂದು ಬರೆಯಬೇಕಿತ್ತು. ಎರಡು ಹೆಸರು ಟೈಪ್ ಮಾಡಿ ಕೈ ನಿಲ್ಲಿಸಿದ.

"ಮೂರು," ಎಂದೆ. "ಆ 'ಇಲ್ಲ'ವನ್ನೂ ತಿದ್ದು. ಮಗಳು ಒಬ್ಬಳು, ತೀರಿಹೋದಳು ಅಂತ ಹಾಕು."

"ಮತ್ತೆ ನನಗೆ ಬೈಬೇಡಿ ಅಕ್ಕ," ಎನ್ನುತ್ತ ಹಾಕಿದ.

ಅರ್ಜಿ ಹೋಗಿ ಏಳು ವಾರವಾಯಿತು. ಉತ್ತರ ಇಲ್ಲ. ಈ ಸಲವೂ ಆಗುವುದಿಲ್ಲವೆಂದೇ ನನ್ನ ಮನಸ್ಸು ಹೇಳುತ್ತದೆ. ನಿನ್ನೆ ಮಧ್ಯಾಹ್ನ ಇವರ ಮೆಸೇಜು ಬಂತು: 'ಊಟ ಆಯ್ತಾ?' 'ಆಯ್ತು' ಎಂದು ಬರೆದೆ. ಮತ್ತೆ ಅದರ ಕೆಳಗೆ, ಸಿಸ್ಟರ್ ಕಂಡರೆ ಕಾಗದವನ್ನೇ ಹರಿಯುತ್ತಿದ್ದಂಥ ಒಂದು ಸಾಲು ಸೇರಿಸಿ ಕಳಿಸಿದೆ. ಸಾಕ್ಷ್ಯ ಸಲ್ಲಿಸುವ ದಿನ ಕಳೆದುಹೋಗಿತ್ತು. ಹಾಗಾಗಿ ಅದನ್ನು ಇವರೊಬ್ಬರೇ ಓದಿದರು.