ಡೋಲಿಯವರೊಡನೆ ಒಂದು ಚೌಕಾಸಿ

ಶನಿವಾರ ಮಾರ್ಕೆಟ್ ಯಾರ್ಡಿಗೆ ರಜೆ. ಉಳಿದ ದಿನ ನಸುಕಿನಲ್ಲೇ ಅಲ್ಲಿಗೆ ಹೋಗಿ, ಸಗಟು ಅಂಗಡಿಗಳನ್ನು ಸುತ್ತಿ, ಕೊತ್ತಂಬರಿ, ಮೆಣಸಿನಕಾಯಿ, ಶುಂಠಿ ಎತ್ತಿಕೊಂಡು ಯೆರವಡಾದ ಖಾನಾವಳಿಗಳಿಗೆ ಹಾಕುವುದು ನನ್ನ ಕಸುಬು. ಕಲಬುರಗಿ ಕಡೆಯಿಂದ ಗಂಡನ ಹಿಂದೆ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದವಳು, ತಲೆಯ ಮೇಲಿನ ಬುಟ್ಟಿಯಿಂದ ಸ್ವಂತ ಟೆಂಪೋದವರೆಗೆ ಬಂದದ್ದು ಬಾಯಿಯ ಬಲದಿಂದ. ಮೊದಲು ಹೇಳಿದ ದರಕ್ಕೆ ನಾನು ಏನನ್ನೂ ಕೊಂಡವಳಲ್ಲ. ನಿಮಗೂ ಹೇಳುತ್ತೇನೆ: ಮಾಲು ಎಷ್ಟೇ ಹಿಡಿಸಿದರೂ ಮುಖದಲ್ಲಿ ತೋರಿಸಬೇಡಿ. ಪಕ್ಕದ ಅಂಗಡಿಯತ್ತ ಒಮ್ಮೆ ನೋಡಿ, ಆಮೇಲೆ ದರ ಕೇಳಿ.

ಈ ಬುದ್ಧಿಯನ್ನು ನಾನು ಆಸ್ಪತ್ರೆಗಳಲ್ಲೂ ಓಡಿಸಿದೆ. ನನ್ನ ಗಂಡ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಕೆಲಸ ಮಾಡಿದವರು. ವರ್ಷಗಟ್ಟಲೆ ಕುಡಿದ ಆ ಕಲ್ಲಿನ ಪುಡಿ ಎದೆಯಲ್ಲಿ ಕೂತಿತ್ತು. ಮೊದಲ ಡಾಕ್ಟರು ಅವರನ್ನು ತೂಕ ನೋಡಿಸಲು ಹೊರಗೆ ಕಳಿಸಿ ನನಗೆ ಹೇಳಿದರು, ಇನ್ನು ಕೆಲವೇ ತಿಂಗಳು. ನಾನು ಎರಡನೆಯವರ ಹತ್ತಿರ ಹೋದೆ. ಅವರೂ ಅಷ್ಟೇ ಹೇಳಿದರು. ಮೂರನೆಯವರ ಹತ್ತಿರ ಹೋದೆ. ಎಲ್ಲೋ ಒಬ್ಬರು ಇನ್ನಷ್ಟು ಕೊಟ್ಟಾರು ಎಂದು ನನ್ನ ಲೆಕ್ಕ.

ಅವರಿಗೆ ಹೇಳಕೂಡದು ಎಂದು ನಾನೂ ಮಗಳೂ ನಿಶ್ಚಯಿಸಿದೆವು. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ನನಗಿಂತ ಗಟ್ಟಿ. “ಕಫ ಕಟ್ಯಾದಪ್ಪ, ಔಷಧ ಹತ್ತಿದ್ರ ಇಳೀತದ” ಎಂದು ಕಣ್ಣು ಮಿಟುಕಿಸದೆ ಹೇಳುತ್ತಿದ್ದಳು. ಮನೆಯಲ್ಲಿ ನಮ್ಮದು ಕನ್ನಡ. ಆ ಕನ್ನಡದೊಳಗೆ ಸಾವಿನ ಸುಳಿವು ಬಾರದಂತೆ ಇಬ್ಬರೂ ಕಾವಲು ಕೂತೆವು.

ಅವರ ಮನಸ್ಸು ಹಗುರಾಗಲೆಂದು ಶನಿವಾರಗಳಂದು ತಿರುಗಾಟ ಶುರುಮಾಡಿದೆವು. ಟೆಂಪೋ ಓಡಿಸುವವಳು ಮಗಳು, ಪಕ್ಕದಲ್ಲಿ ಅವರು, ಹಿಂದೆ ಖಾಲಿ ಕ್ರೇಟುಗಳ ನಡುವೆ ಚಾಪೆ ಹಾಸಿಕೊಂಡು ನಾನು. ಮೊದಲು ಕಾತ್ರಜದ ಮೃಗಾಲಯಕ್ಕೆ ಹಾವುಗಳನ್ನು ನೋಡಲು ಹೋದೆವು. ಅಲ್ಲಿಗೆ ಹೋಗುವವರು ಬೆಳಿಗ್ಗೆಯೇ ಹೋಗಿ. ಬಿಸಿಲೇರಿದ ಮೇಲೆ ಹೆಬ್ಬಾವಿಗೂ ನಿದ್ದೆ, ನೋಡುವವರಿಗೂ ನಿದ್ದೆ. ಅವರು ಹೆಬ್ಬಾವಿನ ಗಾಜಿನ ಮುಂದೆ ಕಟ್ಟೆಯ ಮೇಲೆ ಕೂತು, “ನೋಡು, ಉಂಡು ಮಲಗ್ಯಾದ. ಇದಕ್ಕ ಹೇಣ್ತಿ ಇಲ್ಲ ಅಂತ ಕಾಣ್ತದ” ಎಂದರು. ಪಕ್ಕದಲ್ಲಿದ್ದ ಯಾರದೋ ಅಜ್ಜಿಗೂ ಕನ್ನಡ ಬರುತ್ತಿತ್ತೇನೋ, ನಕ್ಕಳು. ಅವರೂ ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನಾನು ಬೆನ್ನು ತಿಕ್ಕುತ್ತ ಹಾವನ್ನೇ ನೋಡಿದೆ.

ಇನ್ನೊಂದು ಶನಿವಾರ ಹಳೆಯ ಸಾಮಾನುಗಳ ಮ್ಯೂಸಿಯಂ. ಅಲ್ಲಿ ಗೋಡೆ ತುಂಬ ಅಡಕೊತ್ತುಗಳು: ಗಿಳಿಯಂಥವು, ಕುದುರೆಯಂಥವು, ಗಂಡಹೆಂಡಿರು ಅಪ್ಪಿಕೊಂಡಂಥವು.

“ಇದರೊಳಗ ನಿಮ್ಮವ್ವನ ಬಾಯಿ ಯಾವುದು ಹೇಳು,” ಎಂದು ಅವರು ಮಗಳಿಗೆ ಒಗಟು ಹಾಕಿದರು.

“ಎಲ್ಲಾನೂ ಅವ್ವಂದೇ ಅಪ್ಪ. ನೀ ಅಡಕಿ.”

ಮತ್ತೊಂದು ವಾರ ಪುಟ್ಟ ರೈಲುಗಳ ಊರು. ಅಂಗೈಯಷ್ಟು ಸ್ಟೇಷನ್ನು, ಬೆರಳಷ್ಟು ಜನ, ಗುಂಡಿ ಒತ್ತಿದರೆ ಓಡುವ ಗಾಡಿ. ಅವರು ಮಕ್ಕಳ ಸಾಲಿನಲ್ಲಿ ಕೂತು ನೋಡಿದರು. “ನಾವು ಪುಣೆಗೆ ಬರೋವಾಗ ಪಾಯಿಖಾನಿ ಬಾಗಲ ಹತ್ರ ಕೂತು ಬಂದೀವಿ. ಇದರಾಗ ಭಾಳ ಜಾಗ ಅದ ನೋಡು,” ಎಂದರು. ಮಕ್ಕಳಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಜೇಜುರಿಗೆ ಹೋಗಬೇಕೆಂದದ್ದು ಅವರೇ. ಅಲ್ಲಿಯ ಖಂಡೋಬಾ ನಮ್ಮ ಕಡೆಯವರಿಗೆ ಮೈಲಾರಲಿಂಗ, ಅವರ ಮನೆದೇವರು. ಅಷ್ಟರಲ್ಲಿ ನಾನು ನಾಲ್ಕನೆಯ ಆಸ್ಪತ್ರೆಯೊಂದನ್ನು ಗೊತ್ತುಮಾಡಿದ್ದೆ. ಸೋಮವಾರ ಭರ್ತಿ. ಅದಕ್ಕೆ ಮುಂಚಿನ ಶನಿವಾರ ದೇವರನ್ನೂ ಕಂಡು ಬರೋಣ ಎಂದು ಹೊರಟೆವು.

ಜೇಜುರಿ ನೋಡದವರಿಗೆ ಹೇಳಬೇಕು: ಅಲ್ಲಿ ಅರಿಸಿನದ ಭಂಡಾರವನ್ನು ಮೊದಲ ಅಂಗಡಿಯಲ್ಲಿ ಕೊಳ್ಳಬೇಡಿ, ಮೇಲೆ ಹೋದಂತೆ ದರ ಇಳಿಯುತ್ತದೆ. ಮೆಟ್ಟಿಲು ಹಳದಿ, ಕಂಬ ಹಳದಿ, ಜನರ ಕಿವಿ ಹಳದಿ, ನಾಯಿಗಳೂ ಹಳದಿ. ಅವರು ಒಂದು ಹಳದಿ ನಾಯಿಗೆ ಕೈಮುಗಿದರು. ಆಮೇಲೆ ಗುಡ್ಡದ ಮೆಟ್ಟಿಲುಗಳನ್ನು ಕೆಳಗಿನಿಂದ ನೋಡಿ ಮಗಳ ಹೆಗಲು ಹಿಡಿದು ನಿಂತರು.

ಅಲ್ಲಿ ಡೋಲಿಯವರಿದ್ದರು. ಬಿದಿರಿಗೆ ಕಟ್ಟಿದ ಕುರ್ಚಿ, ಹೊರಲು ಹಿಂದೊಬ್ಬ, ಮುಂದೊಬ್ಬ. ಹಿರಿಯವನು ದರ ಹೇಳಿದ. ನಾನು ಸೆರಗು ಸಿಕ್ಕಿಸಿ ನಿಂತೆ. ಮರಾಠಿಯಲ್ಲಿ ಶುರುಮಾಡಿದೆ.

“ಇಷ್ಟ್ಯಾಕ ದಾದಾ? ಇವರ ಮೈಯಾಗ ತೂಕ ಎಲ್ಲದ? ಬರೇ ಎಲುಬು. ನಮ್ಮ ಒಂದು ಉಳ್ಳಾಗಡ್ಡಿ ಚೀಲ ಇದಕಿಂತ ಭಾರ ಅದ.”

ಅವನು ತಲೆಯಾಡಿಸಿದ. “ಹತ್ತೋದು ತ್ರಾಸ ಅದ ತಾಯಿ.”

ದರ ಇಳಿಯದಿದ್ದಾಗ ಕೊನೆಗೆ ಬಳಸುವ ಮಾತು ಒಂದಿರುತ್ತದೆ, ಎದುರಿನವನ ಕರುಳಿಗೆ ತಾಕುವಂಥದ್ದು. ಯೋಚಿಸದೆ ಅದನ್ನೇ ಎಸೆದೆ: “ಇನ್ನ ಎಷ್ಟು ದಿನ ಇರ್ತಾರೋ ಇವ್ರು. ಡಾಕ್ಟರು ಕೈ ಬಿಟ್ಟಾರ. ಕಡೀ ಸಲ ದೇವರ ಮಾರಿ ತೋರಿಸ್ಲಿಕ್ಕೆ ತಂದೀನಿ. ನೀನೂ ಒಂಚೂರು ಪುಣ್ಯ ಕಟ್ಟಿಗೋ.”

ಮರಾಠಿ ನನಗೆ ವ್ಯಾಪಾರದ ಭಾಷೆ. ಅದರಲ್ಲಿ ಆಡಿದ್ದು ಮನೆಯ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ ಎಂಬಂತೆಯೇ ಅಷ್ಟು ವರ್ಷ ಬದುಕಿದ್ದೆ. ಅವರು ನನ್ನ ಪಕ್ಕದಲ್ಲೇ ನಿಂತಿದ್ದರು. ನನ್ನ ಹಾಗೆಯೇ ಅಷ್ಟೇ ವರ್ಷ ಈ ಊರಿನಲ್ಲಿದ್ದವರು.

ಡೋಲಿಯವನು ತಕ್ಷಣ ಒಪ್ಪಿದ. ನಾನು ಮನಸ್ಸಿನಲ್ಲಿ ಹಿಡಿದಿದ್ದಕ್ಕಿಂತ ಕಡಿಮೆಗೆ ಒಪ್ಪಿದ. ಎದುರಿನವನು ಅಷ್ಟು ಬೇಗ ಒಪ್ಪಿದರೆ ಎಲ್ಲೋ ಎಡವಟ್ಟಾಗಿದೆ ಎಂದು ವ್ಯಾಪಾರ ಮಾಡುವವರಿಗೆ ಗೊತ್ತಾಗುತ್ತದೆ. ಮಗಳತ್ತ ನೋಡಿದೆ. ಅವಳು ಬಾಯಿಗೆ ಓಢಣಿ ಒತ್ತಿಕೊಂಡು ಅಂಗಡಿಗಳ ಕಡೆ ತಿರುಗಿದ್ದಳು. ಅವರು ಹೋಗಿ ಕುರ್ಚಿಯಲ್ಲಿ ಕೂತರು.

ಅರ್ಧ ದಾರಿಯಲ್ಲಿ ದೀಪಮಾಲೆ ಕಂಬದ ಹತ್ತಿರ ಡೋಲಿ ಇಳಿಸಿ, ಹೊರುವವರು ನೀರು ಕುಡಿಯಲು ಹೋದರು.

“ಎಷ್ಟು ತಿಂಗಳ ಅಂದಾರ?” ಎಂದು ಅವರು ಕುರ್ಚಿಯಿಂದಲೇ ನನ್ನನ್ನು ಕೇಳಿದರು.

“ಯಾರು ಏನಂದಾರ? ಸುಮ್ನ ಕೂಡ್ರಿ.”

“ಮರಾಠಿ ನನಗೂ ಬರ್ತದ.”

ನಾನು ಅವರ ಕಾಲ ಹತ್ತಿರ ಮೆಟ್ಟಿಲ ಮೇಲೆ ಕೂತೆ. ಹೇಳಿದೆ. ಮೂವರು ಡಾಕ್ಟರು ಹೇಳಿದ್ದನ್ನೂ ಹೇಳಿದೆ.

“ನನಗ ಕಾತ್ರಜಕ್ಕ ಹೋದ ದಿನಾನೇ ಗೊತ್ತಾಗ್ಯಾದ,” ಎಂದರು. “ನೀ ಟಿಕೀಟ್ ತಗೊಂಡು ಹಾವು ನೋಡೋ ಹೆಣ್ಣಮಗಳಾ? ನೀ ಹಡದ ಕೂಸಿನ ಹಾಂಗ ಕೈ ಹಿಡಿದು ತಿರುಗಾಡಿಸ್ತಿ, ಐಸ್‌ಕ್ರೀಮ್ ಕೊಡಿಸ್ತಿ. ಹೆದರಿ ಸಾಯ್ಲಿಕತ್ತಿದ್ದೆ ನಾ.”

“ಮತ್ಯಾಕ ಅನ್ನಲಿಲ್ರಿ?”

“ನೀ ಅನ್ನಲಿಲ್ಲ. ನಾ ಹ್ಯಾಂಗ ಅನ್ಲಿ?”

ಮಗಳು ಹತ್ತಿರ ಬಂದು ಅವರ ಭುಜದ ಮೇಲೆ ಮುಖ ಇಟ್ಟಳು. ಜನ ನಮ್ಮನ್ನು ಸುತ್ತಿಕೊಂಡು ಹತ್ತುತ್ತಿದ್ದರು, ಯಾರೋ ಎರಚಿದ ಭಂಡಾರ ಮೂವರ ಮೇಲೂ ಬಿತ್ತು.

“ಸೋಮವಾರದ್ದು ಬಿಟ್ಟುಬಿಡು,” ಎಂದರು. “ದವಾಖಾನಿ ಏನ ಮಾರ್ಕೆಟ್ ಯಾರ್ಡಾ, ಇನ್ನೊಂದು ಅಂಗಡಿ ತಿರುಗಿದ್ರ ರೇಟ್ ಬದಲಾಗ್ಲಿಕ್ಕೆ? ನನಗ ಮನ್ಯಾಗ ಇರ್ಲಿಕ್ಕೆ ಬಿಡು.”

ನನ್ನ ಬಾಯಲ್ಲಿ ಎದುರು ಮಾತು ಸಿದ್ಧವೇ ಇತ್ತು. ಒಂದಲ್ಲ, ನಾಲ್ಕು. ನುಂಗಿಕೊಂಡು “ಹೂಂ” ಎಂದೆ.

ಮೇಲೆ ಗುಡಿಯ ಮುಂದೆ ‘ಏಳುಕೋಟಿ’ ಎಂದು ದೇವರ ಜೈಕಾರ ಕೂಗಲು ಅವರಿಗೆ ಉಸಿರು ಸಾಲಲಿಲ್ಲ. ಮಗಳು ಅವರ ಬದಲಿಗೆ ಗಂಟಲು ಹರಿಯುವಂತೆ ಕೂಗಿದಳು.

ಇಳಿದು ಬಂದ ಮೇಲೆ ಟೆಂಪೋದ ನೆರಳಲ್ಲಿ ನಿಂತು ಆಸ್ಪತ್ರೆಗೆ ಫೋನು ಮಾಡಿ, ಬರುವುದಿಲ್ಲ ಎಂದೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಅವರು ಒಂದೊಂದಾಗಿ ಹೇಳುತ್ತ ಬಂದರು. ಮಗಳ ಮದುವೆಗೆ ಅವಸರ ಮಾಡಬೇಡ. ಟೆಂಪೋ ಮಾರಬೇಡ. ಮಣ್ಣು ಮಾಡುವುದು ಇಲ್ಲೇ ಆಗಲಿ, ಊರಿನ ತನಕ ಹೊತ್ತು ತಿರುಗಬೇಡಿ. ನಾನು ಕ್ಯಾಬಿನಿನ ಹಿಂದಿನ ಕಿಟಕಿಗೆ ಕಿವಿ ಹಚ್ಚಿ ಎಲ್ಲಕ್ಕೂ ಹೂಂ ಅನ್ನುತ್ತಿದ್ದೆ.

“ಏನ ಇದು, ಎಲ್ಲಾಕ್ಕೂ ಹೂಂ ಅಂತಿ! ನನಗ ಅಂಜಿಕಿ ಬರ್ತದ. ಒಂದಕ್ಕರ ಜಗಳ ತಗೀ.”

“ಆಕ್ಸಿಜನ್ ಮಶೀನ್ ಬಾಡಿಗಿಗೆ ತರ್ತೀನಿ. ಅದಕ್ಕ ಒಲ್ಲೆ ಅನ್ನಂಗಿಲ್ಲ.”

“ಗದ್ದಲ ಮಾಡ್ತದ ಅದು.”

“ನನಕಿಂತ ಏನ್ರಿ?”

ಮಗಳು ಸ್ಟೇರಿಂಗ್ ಹಿಡಿದೇ ನಗುತ್ತಲೂ ಅಳುತ್ತಲೂ ಇದ್ದಳು. ಅವರು ಒಪ್ಪಿದರು.

ಯಂತ್ರ ಬಂತು, ಗದ್ದಲ ಮಾಡಿತು. ಮನೆಯಲ್ಲಿ ಸಾಯುವವರಿದ್ದರೆ ಅವರಿಗೆ ಮನೆಯ ಮಾತಿನಲ್ಲೇ ಹೇಳಿ ಎಂದು ನಾನೀಗ ಕೇಳಿದವರಿಗೂ ಕೇಳದವರಿಗೂ ಹೇಳುತ್ತೇನೆ. ಕೆಲವರು ತಲೆಯಾಡಿಸುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ನನ್ನ ಗಂಡ ಮಳೆಗಾಲ ಮುಗಿಯುವ ಮೊದಲೇ ಹೋದರು, ನಮ್ಮ ಕೋಣೆಯಲ್ಲೇ.

ಹೋಗುವುದಕ್ಕೆ ಮುಂಚೆ ಒಂದು ಮಧ್ಯಾಹ್ನ, ಹಸಿ ಕೊತ್ತಂಬರಿ ಬಿಡಿಸುತ್ತ ಹಾಸಿಗೆಯ ಪಕ್ಕದಲ್ಲಿ ಕೂತಿದ್ದೆ.

“ಅಂಜಿಕಿ ಬರ್ತದೇನ್ರಿ?” ಎಂದು ಕೇಳಿದೆ.

“ಬರ್ತದ.”

“ನನಗೂ.”

ಅವರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಸೊಪ್ಪನ್ನು ಬದಿಗಿಟ್ಟು ನಾನೂ ಮಲಗಿದೆ.