ಒಣಗದೆ ಕಟ್ಟಿಟ್ಟದ್ದು

ಸುಗ್ಗಿ ಮುಗಿಯುವವರೆಗೂ ಕಾಫಿ ಸಾಹುಕಾರರ ಮೂಗಿನ ತುದಿಯಲ್ಲಿ ಕಾಫಿ ಬೀಜದ ಪಾರ್ಚ್‌ಮೆಂಟ್ ಸಿಪ್ಪೆಯ ಹೊಟ್ಟು ಅಂಟಿರುತ್ತಿತ್ತು. ಮೂಡಿಗೆರೆ ಪೇಟೆಯ ಅವರ ಗೋಡೌನಿಗೆ ಯಾರು ಕಾಫಿ ತಂದರೂ ಮೊದಲು ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ಅಡಿಯ ಬೀಜ ಮೇಲೆತ್ತಿ ಮೂಸುತ್ತಿದ್ದರು. "ಮೇಲಿಂದು ಎಲ್ಲರದ್ದೂ ಚಂದವೇ" ಎನ್ನುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ನಾನೇ ತೋಟ ನೋಡಿಕೊಂಡ ಮೊದಲ ವರ್ಷ, ಅಕಾಲದ ಮಳೆಗೆ ಹೆದರಿ, ಅರೆ ಒಣಗಿದ ಕಾಫಿಯನ್ನೇ ಚೀಲಕ್ಕೆ ತುಂಬಿ ಹೊಲಿದಿದ್ದೆ. ಸಾಹುಕಾರರು ಮೂಸಿ ಮುಖ ಕಿವುಚಿದರು. "ಮುಗ್ಗು ಬಂದಿದೆ ಮಾರಾಯ್ತಿ. ಹಸಿ ಇದ್ದದ್ದನ್ನ ಕಟ್ಟಿದ್ರೆ ಒಳಗೇ ಬೂಷ್ಟು ಹಿಡೀತದೆ." ನಾಲ್ಕು ಜನರೆದುರು ಹಾಗಂದದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ಮರುದಿನ ಬೆಳಿಗ್ಗೆ ನೋಡಿದರೆ ಅವರ ಜೀಪು ನಮ್ಮ ಕಣದಲ್ಲಿ! ಉಳಿದ ಚೀಲಗಳನ್ನೆಲ್ಲ ಬಿಚ್ಚಿಸಿ, ಪಂಚೆ ಎತ್ತಿ ಕಟ್ಟಿ, ನನ್ನ ಜೊತೆ ನಿಂತು ಕಾಫಿ ಹರಡಿದರು. ಬೀಜವನ್ನು ಹಲ್ಲಲ್ಲಿ ಕಚ್ಚಿ ಒಣಗಿದ್ದು ತಿಳಿಯುವುದನ್ನು ಕಲಿಸಿದರು. ಆ ವರ್ಷದ ಫಸಲು ಉಳಿದದ್ದು ಅವರಿಂದಲೇ.

ಈಚೆಗೆ ನಮ್ಮ ಕಡೆಯೂ ಏಪ್ರಿಲ್ ಸೆಕೆ ತಡೆಯಲಾಗುವುದಿಲ್ಲ. ಸಾಹುಕಾರರು ಮಲಗುವ ಕೋಣೆಗೆ ಎ.ಸಿ. ಹಾಕಿಸಿದರು. ಮಳೆಗಾಲ ಹಿಡಿದ ದಿನ ಅದನ್ನು ಆರಿಸಿ, ಕೂಡಲೇ ಕೋಣೆಯೊಳಗಿನ ಪೆಟ್ಟಿಗೆಗೆ ಪ್ಲಾಸ್ಟಿಕ್ ಹೊದೆಸಿ, ಚೀಲ ಹೊಲಿಯುವ ದಾರದಿಂದ ಬಿಗಿದರು. ಮಳೆಗಾಲಕ್ಕೆ ಏನನ್ನಾದರೂ ಸುತ್ತಿ ಕಟ್ಟದಿದ್ದರೆ ನಮ್ಮವರಿಗೆ ಸಮಾಧಾನವಿಲ್ಲ. ಮಿಕ್ಸಿಗೂ ಒಂದು ರೈನ್‌ಕೋಟು ಬೇಕು. ಮತ್ತೆ ಬೇಸಿಗೆ ಬಂದಾಗ ದಾರ ಬಿಚ್ಚುವುದು, ಸ್ವಿಚ್ ಒತ್ತುವುದು, ಅಷ್ಟೇ.

ಎರಡನೆಯ ಬೇಸಿಗೆಗೆ ಸಾಹುಕಾರರಿಗೆ ಕೆಮ್ಮು ಶುರುವಾಯಿತು. ಸಂಜೆಯಾದರೆ ಚಳಿಜ್ವರ, ಮೆಟ್ಟಿಲು ಹತ್ತಿದರೆ ಏದುಸಿರು. ಕಾಫಿ ದೂಳಿನದ್ದೇ ಕಾಟ ಎಂದುಕೊಂಡು ಗೋಡೌನಿಗೆ ಹೋಗುವುದನ್ನು ಬಿಟ್ಟು, ಬಾಗಿಲು ಹಾಕಿಕೊಂಡು ಅದೇ ಎ.ಸಿ. ತಂಪಿನಲ್ಲಿ ಹಗಲೂ ಮಲಗತೊಡಗಿದರು. ಮಂಗಳೂರಿನ ಆಸ್ಪತ್ರೆಯಲ್ಲಿದ್ದಷ್ಟು ದಿನ ಉಸಿರಾಟ ಸುಧಾರಿಸುತ್ತಿತ್ತು. ಮನೆಗೆ ಬಂದರೆ ಮತ್ತೆ ಅದೇ ಪಾಡು. ಕೊನೆಗೆ ಡಾಕ್ಟರೇ ಕೇಳಿದರಂತೆ, ನಿಮ್ಮ ಮನೆಯಲ್ಲಿ ಬೂಷ್ಟು ಎಲ್ಲಿದೆ ಎಂದು. ಅಷ್ಟರಲ್ಲಿ ಶ್ವಾಸಕೋಶ ಗಡುಸಾಗಿ ಹಿಗ್ಗದಂತಾಗಿತ್ತು.

ಮೆಕ್ಯಾನಿಕ್ ಬಂದು ಎ.ಸಿ. ಬಿಚ್ಚಿದ ದಿನ ನಾನೂ ಅಲ್ಲಿದ್ದೆ. ಸಾಹುಕಾರರು ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಅಂಗಳಕ್ಕೆ ತಂದಿಟ್ಟ ಒಳಗಿನ ಫ್ಯಾನಿನ ತುಂಬ ಕಪ್ಪು ಬೂಷ್ಟು. "ಇತ್ತ ತಾ" ಎಂದು ಕೈ ಚಾಚಿದರು. ಹೆಂಡತಿ ಬಿಡಲಿಲ್ಲ. ಆಗ ನನ್ನ ಕಡೆ ತಿರುಗಿದರು. "ನೀನು ಮೂಸಿ ಹೇಳು."

ಹತ್ತಿರ ಹೋಗುವ ಮೊದಲೇ ಮೂಗಿಗೆ ಬಡಿಯಿತು. ನನ್ನ ಮೊದಲ ವರ್ಷದ ಚೀಲದ್ದೇ ವಾಸನೆ. ನಾನು ಅವರ ಹೆಂಡತಿಯ ಮುಖ ನೋಡಿದೆ.

"ಸುಳ್ಳು ಹೇಳ್ಬೇಡ" ಎಂದರು ಸಾಹುಕಾರರು.

"ಮುಗ್ಗು, ಸಾಹುಕಾರ್ರೆ."

ತಂಪು ಮಾಡುವಾಗ ಒಳಗೆ ನೀರು ಕೂರುತ್ತದೆ, ಆರುವ ಮೊದಲೇ ಕಟ್ಟಿದ್ದಕ್ಕೆ ಹೀಗಾಗಿದೆ ಎಂದ ಮೆಕ್ಯಾನಿಕ್. ಸಾಹುಕಾರರು ಉಸಿರು ಎಳೆದೆಳೆದು ಹೇಳಿದರು: "ಹಸಿ ಇದ್ದದ್ದನ್ನೇ ಕಟ್ಟಿದ್ದೆ ಮಾರಾಯ್ತಿ. ಅದ್ರ ಕೆಳಗೇ ಮಲಗ್ತಿದ್ದೆ. ನಂಗೆ ವಾಸ್ನೆನೇ ಬರ್ಲಿಲ್ಲ."

ಮುಂದಿನ ಸುಗ್ಗಿಗೆ ಅವರಿರಲಿಲ್ಲ. ಚೀಲ ಹೊಲಿಯುವ ಮೊದಲು ಇವತ್ತಿಗೂ ಅಡಿಯ ಬೀಜ ತೆಗೆದು ಹಲ್ಲಿಗಿಡುತ್ತೇನೆ, ಆಮೇಲೆ ಮೂಗಿಗೆ ಹಿಡಿಯುತ್ತೇನೆ. ಒಂದೊಂದು ಸಲ ಅಲ್ಲೇ ಕಣ್ಣು ತುಂಬಿ ಬರುತ್ತದೆ. ಊರಿನವರ ಚೀಲಗಳನ್ನೆಲ್ಲ ಅವರು ಮೂಸಿ ನೋಡಿದರು; ಅವರ ಕೋಣೆಯನ್ನು ಮೂಸಿ ಹೇಳುವವರು ಯಾರೂ ಇರಲಿಲ್ಲ.