ಆಕಾಶಬುಟ್ಟಿಯ ಬಟ್ಟೆ ಹೊತ್ತು ಇಳಕಲ್ಲಿಗೆ

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಬೆಳಗ್ಗೆ ಬಾಗಲಕೋಟೆ ನವನಗರದ ಮನೆಯಿಂದ ಹೊರಟಾಗ ನನ್ನ ಹೆಗಲಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಸ್ಕ್ರೂಡ್ರೈವರು, ಮೀಟರು, ವೈರು. ಇನ್ನೊಂದರಲ್ಲಿ ಸೂಜಿ, ದಾರ ಮತ್ತು ಇನ್ನೂ ಮುಗಿಯದ ಒಂದು ಬಟ್ಟೆ. ಮೊದಲನೆಯದು ಹೊಟ್ಟೆಪಾಡು, ಎರಡನೆಯದು ಹುಚ್ಚು. ಹುಚ್ಚು ಎಂಬ ಮಾತು ನನ್ನದಲ್ಲ, ನನ್ನ ಹೆಂಡತಿಯದು.

ಹೊಟ್ಟೆಪಾಡು ಎಂದರೆ ಎಕ್ಸ್‌ರೇ ಯಂತ್ರಗಳ ರಿಪೇರಿ. ವಾರದಲ್ಲಿ ನಾಲ್ಕೈದು ದಿನ ನಾನು ಯಾವುದೋ ಬಸ್ಸಿನಲ್ಲೋ ರೈಲಿನಲ್ಲೋ ಇರುತ್ತೇನೆ. ಬೇರೆಯವರು ದಾರಿಯುದ್ದಕ್ಕೂ ಮೊಬೈಲು ತಿಕ್ಕುತ್ತಾರೆ, ನಾನು ಕಸೂತಿ ಹಾಕುತ್ತೇನೆ. ಮೀಸೆಯ ಗಂಡಸೊಬ್ಬ ಸೂಜಿ ಹಿಡಿದು ಕೂತದ್ದನ್ನು ನೋಡಿ ಜನ ಮೊದಲು ನಗುತ್ತಾರೆ, ಆಮೇಲೆ ಬಗ್ಗಿ ನೋಡುತ್ತಾರೆ, ಊರು ಬರುವ ಹೊತ್ತಿಗೆ ಅವರ ಅಜ್ಜಿಯ ಕಥೆ ಹೇಳಿ ಇಳಿದು ಹೋಗುತ್ತಾರೆ. ಈ ಎರಡೂ ವಿದ್ಯೆಗಳು ನನಗೆ ಬಂದದ್ದು ಒಂದೇ ಕಾಲಿನಿಂದ. ಚಿಕ್ಕವನಿದ್ದಾಗ ಇಳಕಲ್ಲಿನಲ್ಲಿ ಚಿಗವ್ವನ ಮನೆಯ ಮಾಳಿಗೆಯಿಂದ ಬಿದ್ದು ಕಾಲು ಮುರಿದುಕೊಂಡೆ. ದವಾಖಾನೆಯಲ್ಲಿ ನನ್ನದೇ ಎಲುಬಿನ ಚಿತ್ರ ಕಂಡು ಬೆರಗಾದೆ. ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವನ ಗಲಾಟೆ ತಾಳಲಾರದೆ, ಅವ್ವನ ತಂಗಿಯಾದ ಆ ಚಿಗವ್ವ ನನ್ನ ಕೈಗೆ ಸೂಜಿ ಕೊಟ್ಟಳು.

ಚೀಲದಲ್ಲಿದ್ದ ಬಟ್ಟೆ ಅವಳ ಮನೆಯ ಆಕಾಶಬುಟ್ಟಿಗೆ ಸುತ್ತುವಂಥದ್ದು. ಚಿಗವ್ವನ ಮನೆಯಲ್ಲಿ ದೀಪಾವಳಿಗೆ ಬಣ್ಣದ ಕಾಗದದ ಬುಟ್ಟಿ ತೂಗುವುದಿಲ್ಲ. ಬಿದಿರಕಡ್ಡಿಯ ಚೌಕಟ್ಟಿಗೆ ಕಸೂತಿ ಹಾಕಿದ ತೆಳುವಾದ ಹತ್ತಿಯ ಬಟ್ಟೆ ಸುತ್ತಿ, ಒಳಗೆ ದೀಪ ಇಡುತ್ತಾರೆ. ಆ ವರ್ಷ ಮನೆಯಲ್ಲಿ ಕೂಸು ಹುಟ್ಟಿದ್ದರೆ, ಕಾರ್ತಿಕ ಮುಗಿದ ಮೇಲೆ ಅದೇ ಬಟ್ಟೆಯನ್ನು ಕುಂಚಿಗೆಯಾಗಿ ಹೊಲಿದು ಕೂಸಿನ ತಲೆಗೆ ಕಟ್ಟುತ್ತಾರೆ. ಅದಕ್ಕೇ ಬಟ್ಟೆಯ ಒಳಮೈಯಲ್ಲಿ ಗಂಟು ಇರಕೂಡದು, ಎಳೆ ಜೋತಾಡಕೂಡದು. ಗಂಟು ನೆತ್ತಿಗೆ ಒತ್ತುತ್ತದೆ, ಜೋತ ಎಳೆಯಲ್ಲಿ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ. ಕಡೆಯ ಹೊಲಿಗೆಯನ್ನು ಮಾತ್ರ ಮನೆಯ ಹಿರಿಯಳೇ ಹಾಕಬೇಕು.

ಇಷ್ಟು ವರ್ಷ ಮೊದಲ ಹೊಲಿಗೆಯಿಂದ ಕಡೆಯ ಹೊಲಿಗೆಯವರೆಗೆ ಎಲ್ಲ ಚಿಗವ್ವನದೇ. ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿದ ಮೇಲೆ ಮನುಷ್ಯರು ಕಾಣುತ್ತಾರೆ, ಮೋರೆ ಕಾಣುತ್ತದೆ, ಬಟ್ಟೆಯ ನೂಲು ಕಾಣುವುದಿಲ್ಲ. ಕಸೂತಿ ಎಂದರೆ ನೂಲು ಎಣಿಸುವ ಕೆಲಸ. ಹೋದ ವರ್ಷ ಅವಳ ಮಗ ಪೇಟೆಯಿಂದ ಪ್ಲಾಸ್ಟಿಕ್ ಬುಟ್ಟಿ ತಂದು ಕಟ್ಟಿದ. ಹಬ್ಬ ಮುಗಿಯುವವರೆಗೆ ಚಿಗವ್ವ ಕತ್ತೆತ್ತಿ ಅದನ್ನು ನೋಡಲಿಲ್ಲವಂತೆ. ಈ ವರ್ಷ ಆ ಮಗನಿಗೆ ಹೆಣ್ಣುಕೂಸು ಹುಟ್ಟಿದೆ, ಚಿಗವ್ವನಿಗೆ ಮೊದಲ ಮೊಮ್ಮಗಳು. ಸುದ್ದಿ ಹೇಳಲು ಫೋನು ಮಾಡಿದವಳು ಕಡೆಗೆ ದನಿ ತಗ್ಗಿಸಿ, "ಗಿರ್ಯಾ, ಈ ಸಲ ಬುಟ್ಟಿ ನಿಂದು. ನನ್ನ ಕೈಲೆ ಆಗೂದಿಲ್ಲ," ಎಂದಳು. ನನಗೆ ಅವಳ ಬಗ್ಗೆ ಸಂಕಟವಾಯಿತು, ಖರೆ. ಆದರೆ ಒಳಗೊಳಗೆ ಹಿಗ್ಗಿದ್ದೂ ಅಷ್ಟೇ ಖರೆ. ಈ ಸಲ ಅವಳು ಬಟ್ಟೆ ಮುಟ್ಟಿ "ಆತು" ಎಂದುಬಿಟ್ಟರೆ ಇನ್ನು ಮುಂದೆ ಆ ಮನೆಯ ಬುಟ್ಟಿ ನನ್ನದೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಇಳಕಲ್ ಮುಟ್ಟಬೇಕಿತ್ತು. ನಡುವೆ ಬಾದಾಮಿಯಲ್ಲಿ ಒಂದು ಯಂತ್ರ ಕೈಕೊಟ್ಟಿತ್ತು.

ಬಾಗಲಕೋಟೆಯಿಂದ ಬಾದಾಮಿಗೆ ರೈಲಿನಲ್ಲಿ ಹೋದೆ. ಒಂದು ಪ್ಲೇಟು ಬಜ್ಜಿ, ಒಂದು ಚಹಾದ ರೊಕ್ಕದಲ್ಲಿ ಟಿಕೆಟ್ ಬಂತು. ಕಿಟಕಿಯಿಂದ ತಣ್ಣನೆಯ ಗಾಳಿ, ಎರಡೂ ಬದಿಗೆ ಮೊಳಕಾಲೆತ್ತರದ ಜೋಳ. ರೈಲು ಬಸ್ಸಿನಂತೆ ಕುಕ್ಕುವುದಿಲ್ಲವಾದ್ದರಿಂದ ಬಟ್ಟೆಯ ಮೇಲಿನ ಆನೆಯ ಸೊಂಡಿಲು ಸುಸೂತ್ರವಾಗಿ ಮುಗಿಯಿತು. ಸ್ಟೇಷನ್ನು ಊರಿನಿಂದ ದೂರ. ಷೇರ್ ಆಟೋದಲ್ಲಿ ಏಳೆಂಟು ಮಂದಿಯ ನಡುವೆ ತುರುಕಿಕೊಂಡು ಹೋಗಿ, ಕೆಂಪು ಬಂಡೆಗಳು ಕಾಣುವ ಸಣ್ಣ ಖಾಸಗಿ ಆಸ್ಪತ್ರೆಯೊಂದರ ಮುಂದೆ ಇಳಿದೆ.

ಯಂತ್ರಕ್ಕೆ ದೊಡ್ಡ ರೋಗವೇನೂ ಇರಲಿಲ್ಲ, ಒಂದು ವೈರನ್ನು ಇಲಿ ಕಡಿದಿತ್ತು. ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದಾಗ ಅಲ್ಲಿನ ವಯಸ್ಸಾದ ಡಾಕ್ಟರು ಮೂಲೆಯತ್ತ ಬೆರಳು ಮಾಡಿದರು. ಹಿಂದೆ ಎಕ್ಸ್‌ರೇ ಫಿಲ್ಮು ಇಟ್ಟು ನೋಡುತ್ತಿದ್ದ ಬೆಳಕಿನ ಪೆಟ್ಟಿಗೆ ಅಲ್ಲಿ ಧೂಳು ತಿನ್ನುತ್ತಿತ್ತು. ಮುಂದೆ ಬಿಳಿಯ ಹಲಗೆ, ಒಳಗೆ ಟ್ಯೂಬ್‌ಲೈಟು, ಅಷ್ಟೇ.

"ಈಗ ಎಲ್ಲಾ ಕಂಪ್ಯೂಟರದಾಗ ನೋಡ್ತೇವಿ. ಇದನ್ನ ಒಯ್ದುಬಿಡ್ರಿ, ಪುಣ್ಯಾ ಬರ್ತೈತಿ," ಎಂದರು.

"ನಾ ಹಬ್ಬಕ್ಕ ಊರಿಗೆ ಹೊಂಟೇನ್ರಿ ಸಾಹೇಬ್ರ. ಇದನ್ನ ಎಲ್ಲಿ ಹೊರ್ಲಿ?"

"ಬಿಡಿಭಾಗಕ್ಕರ ಆಗ್ತೈತಿ, ಒಯ್ರಿ ಒಯ್ರಿ," ಎಂದು ತಾವೇ ಗೋಣಿಚೀಲದಲ್ಲಿ ತುಂಬಿ ಹಗ್ಗ ಕಟ್ಟಿಕೊಟ್ಟರು. ಬೇಡ ಎನ್ನಲಾಗದ ನನ್ನ ಗುಣವನ್ನು ಶಪಿಸಿಕೊಳ್ಳುತ್ತ ಹೊತ್ತುಕೊಂಡೆ.

ಬಾದಾಮಿಗೆ ಹೋಗಿ ಬನಶಂಕರಿಯ ರೊಟ್ಟಿ ತಿನ್ನದೆ ಬರುವುದು ನನ್ನಿಂದಾಗದು. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸೊಬ್ಬರು ಜೋಳದ ರೊಟ್ಟಿ, ಕೆಂಪು ಚಟ್ನಿ, ಕಾಳುಪಲ್ಯ ಕೊಟ್ಟು, ಮೇಲೆ ಕುಡಿಕೆಯ ಗಟ್ಟಿ ಮೊಸರು ಹಾಕಿದರು. ಮಂಗವೊಂದು ಗೋಣಿಚೀಲದ ಸುತ್ತ ಎರಡು ಸಲ ಸುತ್ತಿ, ತಿನ್ನುವಂಥದ್ದೇನೂ ಇಲ್ಲವೆಂದು ತಿಳಿದು ಹೊರಟುಹೋಯಿತು. ಅದಕ್ಕೂ ಬೇಡವಾದ ಪೆಟ್ಟಿಗೆಯನ್ನು ನಾನು ಮತ್ತೆ ಹೆಗಲಿಗೇರಿಸಿದೆ.

ಗುಳೇದಗುಡ್ಡದ ಮೇಲಿಂದ ಹುನಗುಂದಕ್ಕೆ ಹೋಗುವ ಬಸ್ಸು ಸಿಕ್ಕಿತು. ಹಬ್ಬದ ಜನ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮಂಥವರಿಗೆ ಸೀಟು ಸಿಗುವುದೇ ಒಂದು ಹಬ್ಬ. ಹೇಗೋ ಕಿಟಕಿ ಹಿಡಿದೆ. ಸೂಜಿ ತೆಗೆದು ನವಿಲಿಗೆ ಕೈಹಚ್ಚಿದ್ದೆ, ಕಂಡಕ್ಟರ್ ಬಂದು ನಿಂತ. ಬಟ್ಟೆ ನೋಡಿದ, ನನ್ನ ಮೀಸೆ ನೋಡಿದ.

"ಸೂಜಿ ಹಿಡಿದ್ರ ನಿಮಗೇನ್ ಪುಕ್ಕಟೆ ಆಗೂದಿಲ್ರಿ, ಟಿಕೆಟ್ ತಗೀಬೇಕು."

ಬಸ್ಸು ತುಂಬ ನಗು. ನಾನೂ ನಕ್ಕು ಟಿಕೆಟ್ ತೆಗೆಸಿದೆ. "ಈ ಪೆಟಗಿ?" ಎಂದು ಗೋಣಿಚೀಲವನ್ನು ಕಾಲಿನಿಂದ ಒತ್ತಿ ಕೇಳಿದ. ಎಕ್ಸ್‌ರೇ ಸಾಮಾನು ಎಂದೆ. ಅದರ ಹತ್ತಿರ ನಿಂತಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಕಾಲು ಚಾಚಲು ಒಳ್ಳೆಯ ಜಾಗವಾಯಿತು.

ಬಸ್ಸಿನಲ್ಲಿ ಕಸೂತಿ ಹಾಕಲು ಒಂದು ಹದವಿದೆ. ರಸ್ತೆ ನುಣುಪಿದ್ದಲ್ಲಿ ನೂಲು ಎಣಿಸಿ ಚುಚ್ಚಬೇಕು, ಗುಂಡಿ ಬಂದಾಗ ಸೂಜಿ ಎತ್ತಿ ಊರು ನೋಡಬೇಕು. ಗುಳೇದಗುಡ್ಡದ ಓಣಿಗಳಲ್ಲಿ ಕುಪ್ಪಸದ ಖಣ ನೇಯುವ ಮಗ್ಗದ ಸದ್ದು ಬಸ್ಸಿನೊಳಗೂ ಕೇಳಿಸಿತು. ಬಾಗಿಲ ಮುಂದೆ ಹೆಂಗಸರು ಹಂಡೆ ತಿಕ್ಕುತ್ತಿದ್ದರು. ಕಮತಗಿ ದಾಟಿದ ಮೇಲೆ ಬಿಸಿಲು ಇಳಿಮುಖವಾಗಿದ್ದು ಕಂಡು ನನಗೆ ಅವಸರ ಹತ್ತಿತು. ಒಂದು ಚಿತ್ರ ಮುಗಿದರೆ ದಾರದ ತುದಿಯನ್ನು ಹೊಲಿಗೆಯೊಳಗೇ ಸೇರಿಸಿ, ಕತ್ತರಿಸಿ, ಮುಂದಿನ ಚಿತ್ರಕ್ಕೆ ಹೊಸದಾಗಿ ದಾರ ಪೋಣಿಸಬೇಕು. ಕುಕ್ಕುವ ಬಸ್ಸಿನಲ್ಲಿ ಮತ್ತೆ ಮತ್ತೆ ಪೋಣಿಸುವುದು ಯಾರಿಗೆ ಬೇಕು? ನವಿಲಿನಿಂದ ಗೋಪುರಕ್ಕೆ, ಗೋಪುರದಿಂದ ತುಳಸಿಕಟ್ಟೆಗೆ ಬಟ್ಟೆಯ ಹಿಂದಿನಿಂದ ದಾರವನ್ನು ಹಾಗೇ ಎಳೆದುಕೊಂಡು ಹೋದೆ. ಆಮೇಲೆ ಹಿಂದಿನಿಂದ ಹೇಗಾದರೂ ಕೂಡಿಸಿದರಾಯಿತು ಎಂದುಕೊಂಡೆ. ಮುಂದಿನಿಂದ ನೋಡಿದರೆ ಬೊಂಬಾಟಾಗಿತ್ತು.

ಅಮೀನಗಡದಲ್ಲಿ ಬಾಣಂತಿಗೆಂದು ಕರದಂಟಿನ ಒಂದು ಡಬ್ಬಿ ಕೊಂಡೆ. ಅಲ್ಲಿ ಹತ್ತಿದ ಹೆಂಗಸೊಬ್ಬರು ನನ್ನ ಮುಂದಿನ ಸೀಟಿನಲ್ಲಿ ಕೂತು ಪರ್ಸಿನಿಂದ ಕ್ರೋಶಾ ಕಡ್ಡಿ ತೆಗೆದು ಹೆಣೆಯತೊಡಗಿದರು. ನಮ್ಮ ಹುಚ್ಚಿನವರು ಒಬ್ಬರನ್ನೊಬ್ಬರು ಎಲ್ಲಿದ್ದರೂ ಗುರುತಿಸುತ್ತೇವೆ. ಅವರು ಹಿಂದೆ ತಿರುಗಿ ನನ್ನ ತೊಡೆಯ ಮೇಲಿನ ಬಟ್ಟೆ ನೋಡಿ ಕಣ್ಣರಳಿಸಿದರು.

"ಕಸೂತಿ ಏನ್ರಿ ಅಣ್ಣಾರ! ನಮ್ಮ ಅಮ್ಮಾನೂ ಹಾಕ್ತಿದ್ಲು. ನೋಡ್ಲೇನ್ರಿ?"

ಹೆಸರು ಶಮೀಮಾ. ಹುನಗುಂದದಲ್ಲಿ ಮನೆ, ಅಮೀನಗಡದ ಶಾಲೆಯೊಂದರಲ್ಲಿ ಟೀಚರು. ಹೆಣೆಯುತ್ತಿದ್ದದ್ದು ತಮ್ಮನ ಹೊಸ ಮನೆಗೆ ತೋರಣ. ಅವರು ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಚೆನ್ನಾಗಿ ಕಾಣಲೆಂದು ಕಿಟಕಿಯ ಬಿಸಿಲಿಗೆ ಎತ್ತಿದರು. ನವಿಲು, ಗೋಪುರ, ತುಳಸಿಕಟ್ಟೆಯ ನಡುವೆ ಹಿಂದೆ ಎಳೆದ ದಾರಗಳೆಲ್ಲ ಬಿಸಿಲಿನಲ್ಲಿ ಕಪ್ಪು ಗೆರೆಗಳಾಗಿ ಅಡ್ಡಾದಿಡ್ಡಿ ಎದ್ದು ನಿಂತಿದ್ದವು. ಒಳಗೆ ದೀಪ ಇಟ್ಟು ತೂಗುವ ಬಟ್ಟೆ ಇದು! ಜೀವಮಾನವೆಲ್ಲ ಫಿಲ್ಮನ್ನು ಬೆಳಕಿಗೆ ಹಿಡಿದು ಒಳಗಿನ ಬಿರುಕು ನೋಡಿದವನಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ನಗು ಬಂತು, ಅಳುವೂ ಬಂತು.

ಬುಟ್ಟಿಯ ಕಥೆ, ಕುಂಚಿಗೆಯ ಕಥೆ, ಚಿಗವ್ವನ ಕಣ್ಣಿನ ಕಥೆ ಎಲ್ಲವನ್ನೂ ಶಮೀಮಾ ಅವರಿಗೆ ಹೇಳಿಬಿಟ್ಟೆ. "ಆಕಿ ಕಣ್ಣಿಗೆ ಕಾಣದಿದ್ರೂ ಬೆರಳು ಬಿಡೂದಿಲ್ರಿ. ಒಳಗ ಕೈ ಆಡಿಸಿದ್ರ ಮುಗೀತು ನನ್ನ ಕಥಿ," ಎಂದೆ.

"ಅದ್ಯಾಕ ಮುಗೀತದ? ಹುನಗುಂದದಾಗ ಇಳೀರಿ, ಬಿಚ್ಚೂಣು. ಇಳಕಲ್ ಬಸ್ಸು ಒಂದು ಹೋದ್ರ ಇನ್ನೊಂದು ಇರ್ತದ."

ಹುನಗುಂದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನಡುವೆ ಬಟ್ಟೆ ಹಾಸಿಕೊಂಡು ಕೂತೆವು. ಅವರು ಕ್ರೋಶಾ ಕಡ್ಡಿಯ ಕೊಕ್ಕೆಯಿಂದ ಎಳೆ ಎತ್ತಿದರು, ನಾನು ಕತ್ತರಿಸಿ ತುದಿಗಳನ್ನು ಹೊಲಿಗೆಯೊಳಗೆ ಸೇರಿಸಿದೆ. ಎಳೆ ಕತ್ತರಿಸುವಾಗ ನವಿಲಿನ ಬಾಲ ಬಿಚ್ಚಿಹೋಯಿತು. "ಅದನ್ನ ನನಗ ಕೊಡ್ರಿ, ಅಮ್ಮಾ ಕಲಿಸಿದ್ದು ಇನ್ನೂ ಮರ್ತಿಲ್ಲ," ಎಂದು ಅವರೇ ಹಾಕಿದರು. ಚಹಾದವನು ಕೇಳದೆಯೇ ಎರಡು ಕಪ್ಪು ತಂದಿಟ್ಟು ನೋಡುತ್ತ ನಿಂತ. ಕಣ್ಣೆದುರೇ ಇಳಕಲ್ ಬಸ್ಸು ಹೊರಟುಹೋಯಿತು. ಬಿಸಿಲು ಕೆಂಪಾಗತೊಡಗಿದಾಗ ಶಮೀಮಾ ಬಟ್ಟೆಯನ್ನು ಮತ್ತೆ ಬೆಳಕಿಗೆ ಹಿಡಿದರು. ಒಂದು ಗೆರೆಯೂ ಇರಲಿಲ್ಲ. ಸಂತೋಷಕ್ಕೆ ಕರದಂಟಿನ ಡಬ್ಬಿ ಅಲ್ಲೇ ಒಡೆದೆವು, ಚಹಾದವನಿಗೂ ಒಂದು ತುಂಡು ಸಿಕ್ಕಿತು. ಫೋನ್ ನಂಬರು ಬರೆದುಕೊಟ್ಟು, "ನಿಮ್ಮ ಚಿಗವ್ವ ಏನಂದ್ರು ಅಂತ ತಿಳಸ್ರಿ ಮತ್ತ," ಎಂದು ಅವರು ಮನೆಯ ದಾರಿ ಹಿಡಿದರು.

ಹುನಗುಂದದಿಂದ ಇಳಕಲ್ ಹತ್ತಿರದ ದಾರಿ. ಉಳಿದಿದ್ದ ತೊಟ್ಟಿಲ ಚಿತ್ರವನ್ನು ಬಸ್ಸಿನಲ್ಲೇ ಮುಗಿಸಿ, ಅದರ ಒಂದು ಕಾಲಿನ ಕಡೆಯ ಹೊಲಿಗೆಯನ್ನು ಚಿಗವ್ವನಿಗೆ ಬಿಟ್ಟೆ. ಅವಳ ಕೈ ಹಿಡಿದು ನಾನೇ ಹಾಕಿಸುವುದೆಂದು ಅಂದುಕೊಂಡಿದ್ದೆ. ಇಳಿದಾಗ ಓಣಿಯಲ್ಲಿ ಆಗಲೇ ಒಂದೊಂದು ದೀಪ. ಚಿಗವ್ವನ ಪಡಸಾಲೆಯಲ್ಲಿ ಕೆಮ್ಮಣ್ಣು ಸುಣ್ಣ ಬಳಿದ ಹಂಡೆ ನೀರು ತುಂಬಿಕೊಂಡು ಕೂತಿತ್ತು. ಸೊಸೆ ಸುಧಾಳ ತೊಡೆಯ ಮೇಲೆ ಕೂಸು ನಿದ್ದೆ ಮಾಡುತ್ತಿತ್ತು.

"ಎಷ್ಟೊತ್ತು ಮಾಡಿದ್ಯೋ! ಕೊಡು ಇಲ್ಲಿ," ಎಂದು ಚಿಗವ್ವ ಕೈಚಾಚಿದಳು. ಬಟ್ಟೆಯ ಮುಂದನ್ನು ಮುಟ್ಟಲೇ ಇಲ್ಲ, ನೇರವಾಗಿ ಹಿಂದಕ್ಕೆ ಬೆರಳಾಡಿಸಿದಳು. ಆನೆ ದಾಟಿತು, ಗೋಪುರ ದಾಟಿತು. ನವಿಲಿನ ಮೇಲೆ ಬೆರಳು ನಿಂತಿತು.

"ಈ ಬಾಲ ನಿನ್ನ ಕೈದಲ್ಲ."

ಹೇಳದೆ ವಿಧಿಯಿರಲಿಲ್ಲ. ಬಸ್ಸು, ಬಿಸಿಲು, ಕಲ್ಲುಬೆಂಚು, ಎಲ್ಲ ಹೇಳಿದೆ. ಅವಳು ಹೊಟ್ಟೆ ಹಿಡಿದು ನಕ್ಕಳು. "ನಿನಕಿಂತ ಅಕೀ ಕೈ ಛಲೋ ಐತಿ. ಪಾಡ್ಯಕ್ಕ ಊಟಕ್ಕ ಕರಿ ಅಕೀನ."

ಚೌಕಟ್ಟಿಗೆ ಬಟ್ಟೆ ಸುತ್ತಿ, ಕಡೆಯ ಹೊಲಿಗೆಗೆ ಮೊದಲು ಒಮ್ಮೆ ನೋಡೋಣವೆಂದು ನೆಲದ ಮೇಲಿಟ್ಟೇ ಬಲ್ಬು ಹಚ್ಚಿದೆ. ಪಡಸಾಲೆಯ ಗೋಡೆಗೆಲ್ಲ ಬೆಲ್ಲದ ಬಣ್ಣ ಬಂತು. ಸುಧಾ "ಅಯ್ಯ, ಎಷ್ಟ್ ಚಂದ ಕಾಣ್ತೈತ್ರಿ ಭಾವಾರ!" ಎಂದಳು. ನಾನು ಕಾಯುತ್ತಿದ್ದ "ಆತು" ಎಂಬ ಮಾತು ಮಾತ್ರ ಬರಲಿಲ್ಲ. ಚಿಗವ್ವ ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮೂಗು ತಾಗುವಷ್ಟು ಹತ್ತಿರ ಬಗ್ಗಿದ್ದಳು. ಏನು ತಪ್ಪು ಸಿಕ್ಕಿತೋ ಎಂದು ನಾನೂ ಪಕ್ಕದಲ್ಲಿ ಬಗ್ಗಿದೆ.

"ಗಿರ್ಯಾ," ಎಂದಳು ಮೆಲ್ಲಗೆ. "ನೂಲು ಕಾಣಾಕತ್ತಾವಲೋ."

"ಏನು?"

"ನೂಲು. ಅಡ್ಡಾ, ಉದ್ದಾ, ನಡುವ ತೂತು. ಹಿಂದ ಬೆಳಕ ಐತಲ್ಲ, ಎಲ್ಲಾ ಕಾಣ್ತಾವು."

ನಾನು ಬಾಗಿಲ ಬಳಿ ಬಿದ್ದಿದ್ದ ಗೋಣಿಚೀಲಕ್ಕೆ ಓಡಿದೆ. ಹಗ್ಗ ಬಿಚ್ಚಿ, ಧೂಳು ಒರೆಸಿ, ಬಾದಾಮಿಯ ಪೆಟ್ಟಿಗೆಯನ್ನು ಮಣೆಯ ಮೇಲೆ ಮಲಗಿಸಿ ಸ್ವಿಚ್ಚು ಒತ್ತಿದೆ. ಟ್ಯೂಬು ಎರಡು ಸಲ ಮಿನುಗಿ ಹತ್ತಿಕೊಂಡಿತು. ಚೌಕಟ್ಟಿನಿಂದ ಬಟ್ಟೆ ಬಿಚ್ಚಿ ಅದರ ಮೇಲೆ ಹಾಸಿದೆ. ಅವಳ ಕೈ ಹಿಡಿಯಲು ಹೋದರೆ "ಬಿಡೋ" ಎಂದು ಕೊಡವಿಕೊಂಡಳು. ಸೂಜಿಗೆ ದಾರ ಪೋಣಿಸಿಕೊಟ್ಟದ್ದಷ್ಟೇ ನಾನು. ತುಟಿಯಲ್ಲೇ ನೂಲು ಎಣಿಸುತ್ತ, ಹೋದ ತೂತಿನಲ್ಲೇ ತಿರುಗಿ ಬಂದು, ಮೊಮ್ಮಗಳ ತೊಟ್ಟಿಲಿನ ಕಾಲನ್ನು ಚಿಗವ್ವ ತಾನೇ ಮುಗಿಸಿದಳು. ಸುಧಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಕಣ್ಣೂ ತುಂಬಿತ್ತು.

"ಆತು," ಎಂದಳು ಚಿಗವ್ವ.

ಪಾಡ್ಯದ ದಿನ ಶಮೀಮಾ ಬಂದರು, ಹೋಳಿಗೆ ಉಂಡರು, ಚಿಗವ್ವನೊಡನೆ ಬಾಲದ ಬಗ್ಗೆ ಗಂಟೆಗಟ್ಟಲೆ ಮಾತಾಡಿದರು. ಮಾರನೆಯ ದಿನ ಬೆಳಗ್ಗೆ ನಾನು ಬಾಗಲಕೋಟೆಗೆ ಹೊರಟೆ. ಹೋಗುವ ಮುನ್ನ, ಬರುವ ವರ್ಷದ ಬುಟ್ಟಿಗೆ ಯಾವ ಬಣ್ಣದ ದಾರ ತರಲಿ ಎಂದು ಚಿಗವ್ವನನ್ನು ಕೇಳಿದೆ.

"ಬರೋ ವರ್ಷದ ಬುಟ್ಟಿ ನಂದು," ಎಂದಳು. "ನೀ ಬರೇ ದಾರ ಪೋಣಿಸಿ ಕೊಡಾಕ ಬಾ."

ಹೆಗಲು ಹಗುರಾಗಿತ್ತು, ಪೆಟ್ಟಿಗೆ ಇರಲಿಲ್ಲ. ಓಣಿಯ ತಿರುವಿನಲ್ಲಿ ನಿಂತು ಹಿಂದೆ ನೋಡಿದೆ. ಬೆಳಗಾಗಿದ್ದರೂ ಬುಟ್ಟಿಯ ದೀಪ ಆರಿಸಲು ಯಾರಿಗೂ ನೆನಪಾಗಿರಲಿಲ್ಲ. ಯಾವಾಗಲೂ ಬಾಗಿಲಿಗೆ ಬಂದು ನಾನು ಮರೆಯಾಗುವ ತನಕ ನಿಲ್ಲುತ್ತಿದ್ದ ಚಿಗವ್ವ ಅಲ್ಲಿರಲಿಲ್ಲ. ಕಿಟಕಿಯೊಳಗೆ ಪೆಟ್ಟಿಗೆಯ ಬಿಳಿ ಬೆಳಕು, ಅದರ ಮೇಲೊಂದು ಹೊಸ ಬಟ್ಟೆ, ಬಟ್ಟೆಯ ಮೇಲೆ ಬಗ್ಗಿದ ಅವಳ ತಲೆ. ನೂಲಿನ ಎಣಿಕೆ ತಪ್ಪೀತೆಂದು ನಾನು ಕೂಗಿ ಕರೆಯಲಿಲ್ಲ.